ಅಂಗಳ ಮತ್ತು ಹಿತ್ತಿಲು

ಉಡುಪಿಯ ಆಸುಪಾಸಿನಲ್ಲಿ ಮನೆ ಮಾಡಿಕೊಂಡವರಿಗೆ ನೆಂಟರ ಬರಗಾಲ ಎಂಬುದಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯವೆಂದು ಬರುತ್ತಾರೆ. ಪರ್ಯಾಯ ಇಲ್ಲದ ವರ್ಷ ಮಕರ ಸಂಕ್ರಾಂತಿಯ ತೇರಿಗೆ ಬರುತ್ತಾರೆ. ಅದು ಮುಗಿಯಿತೆನ್ನುವಾಗ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಜಾತ್ರೆ. ಚಳಿಗಾಲವಿಡೀ ಎಲ್ಲಾದರೊಂದು ಕಡೆ ಕಂಬಳ. ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ರಾತ್ರಿಯ ಆಟ. ಮಾರ್ಚಿನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆ. ಬೇಸಿಗೆ ರಜೆ ಶುರುವಾದರೆ ಮಲ್ಪೆ ಕಡಲು, ಸೇಂಟ್ ಮೇರೀಸ್ ದ್ವೀಪ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಆದರೂ ನೆಂಟರು ಬರುತ್ತಾರೆ. ಆಟಿಯ ಪತ್ರೊಡೆಗೆ ಸಮುದ್ರ ಶಾಂತವಾಗಿರಬೇಕೆಂದೇನೂ ಇಲ್ಲವಷ್ಟೆ. ಆಮೇಲೆ ವಿಟ್ಲಪಿಂಡಿ, ಹುಲಿವೇಷ, ನವರಾತ್ರಿ. ಅಷ್ಟರಲ್ಲಿ ಮತ್ತೆ ಕಂಬಳದ ಗದ್ದೆಗೆ ನೀರು ಬಿಟ್ಟಿರುತ್ತಾರೆ.

ಬಂದವರಿಗೆ ಊರು ತೋರಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಿದ್ದು ಇಪ್ಪತ್ತೈದು ವರ್ಷಗಳೇ ಆದವು. ನಾನು ಸಮಾಜ ವಿಜ್ಞಾನದ ಟೀಚರ್ ಅಲ್ಲವೇ, ಇಸವಿಗಳೆಲ್ಲ ಬಾಯಿಪಾಠ ಇರುತ್ತವೆ ಎಂದು ನನ್ನ ಯಜಮಾನರ ತೀರ್ಮಾನ. ಇದೆಯೆನ್ನಿ. ಕಾರ್ಕಳದ ಗೊಮ್ಮಟ 42 ಅಡಿ, ವೀರಪಾಂಡ್ಯ ನಿಲ್ಲಿಸಿದ್ದು 1432ರಲ್ಲಿ; ಎದುರಿನ ಚತುರ್ಮುಖ ಬಸದಿ 1586ರದ್ದು, ಕಂಬಗಳು 108; ಕಾಪುವಿನ ದೀಪಸ್ತಂಭ 1901ರದ್ದು. ಹೇಳುತ್ತ ಹೋದರೆ ನೆಂಟರು ಫೋಟೋ ತೆಗೆದುಕೊಳ್ಳುತ್ತ ಬರುತ್ತಾರೆ. ಇಬ್ಬರಿಗೂ ತೊಂದರೆಯಿಲ್ಲ.

ತೊಂದರೆ ಬರುವುದು ಇಸವಿಯಾಚೆಗಿನ ಮಾತು ಬಂದಾಗ. ಊರು ತೋರಿಸುವಾಗ ಏನನ್ನು ತೋರಿಸಬೇಕು, ಏನನ್ನು ಬಿಡಬಹುದು? ಬಿಟ್ಟರೆ ಅದು ಸೌಜನ್ಯವೋ, ಸುಳ್ಳೋ? ನಮ್ಮ ಶಾಲೆಯಲ್ಲಿ ಮೊದಲಿದ್ದ ಹೆಡ್‌ಮಾಸ್ತರರಿಗೆ ಈ ವಿಷಯದಲ್ಲಿ ಒಂದು ಸಿದ್ಧಾಂತವಿತ್ತು. ಪ್ರತಿ ವರ್ಷ ಮಕ್ಕಳ ಪ್ರವಾಸ ಹೊರಡುವ ಮುಂಚೆ ನನ್ನನ್ನು ಕರೆದು, "ಟೀಚರೇ, ಅಂಗಳ ತೋರಿಸಿ, ಹಿತ್ತಿಲು ಬೇಡ" ಎನ್ನುತ್ತಿದ್ದರು. ನಾನು ಹಿತ್ತಿಲಿಗೆ ಹೋಗುವವಳು ಎಂಬುದು ಅವರಿಗೆ ಗೊತ್ತಿತ್ತು.

ಅವರ ಮಾತನ್ನು ತಳ್ಳಿಹಾಕುವಷ್ಟು ಅಹಂಕಾರ ನನಗಿಲ್ಲ. ಮನೆಗೆ ಬಂದವರನ್ನು ನಾವು ಚಾವಡಿಯಲ್ಲಿ ಕೂರಿಸುತ್ತೇವೆ, ಬೆಲ್ಲ ನೀರು ಕೊಡುತ್ತೇವೆ. ಎಂಜಲು ಪಾತ್ರೆ ತೊಳೆಯುವ ಕಲ್ಲು, ಹಟ್ಟಿಯ ಗೊಬ್ಬರದ ಗುಂಡಿ ತೋರಿಸುವುದಿಲ್ಲ. ಹಾಗೆಂದು ಗೊಬ್ಬರದ ಗುಂಡಿ ಇಲ್ಲವೆಂದು ಯಾರೂ ಮೋಸ ಹೋಗುವುದೂ ಇಲ್ಲ. ಎರಡು ದಿನಕ್ಕೆಂದು ಬಂದ ಮುಂಬಯಿಯ ನಾದಿನಿಗೆ ನಮ್ಮೂರ ಜಗಳಗಳನ್ನೆಲ್ಲ ಒಪ್ಪಿಸಿದರೆ ಅವಳು ಅದನ್ನು ಏನು ಮಾಡಿಯಾಳು? ಹೊತ್ತುಕೊಂಡು ಹೋಗಬೇಕು ಅಷ್ಟೇ. ನೆಂಟರ ಮುಂದೆ ಮನೆಯ ದುಃಖ ಹರಡುವವರನ್ನು ಕಂಡರೆ ನನಗೂ ಆಗದು. ಅದರಲ್ಲಿ ಸತ್ಯಕ್ಕಿಂತ ಪ್ರದರ್ಶನವೇ ಹೆಚ್ಚಿರುತ್ತದೆ.

ಆದರೆ ಕೆಲವು ವರ್ಷಗಳ ಹಿಂದಿನ ಪ್ರವಾಸದಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗ ಕನಕನ ಕಿಂಡಿಯ ಎದುರು ನಿಂತು ಕೇಳಿದ ಪ್ರಶ್ನೆಗೆ ಈ ಸಿದ್ಧಾಂತ ಸಾಲದಾಯಿತು. ನಾನು ಎಂದಿನ ಕಥೆ ಹೇಳಿ ಮುಗಿಸಿದ್ದೆ. ಕನಕದಾಸರನ್ನು ಒಳಗೆ ಬಿಡಲಿಲ್ಲ, ಅವರು ಹೊರಗೇ ನಿಂತು ಹಾಡಿದರು, ಗೋಡೆ ಬಿರುಕು ಬಿಟ್ಟಿತು, ಕೃಷ್ಣ ಅವರ ಕಡೆಗೆ, ಪಶ್ಚಿಮಕ್ಕೆ ತಿರುಗಿದ. ಹುಡುಗ ಸ್ವಲ್ಪ ಹೊತ್ತು ಕಿಂಡಿಯನ್ನೇ ನೋಡಿ, "ದೇವರು ತಿರುಗಿದ ಮೇಲಾದರೂ ಬಾಗಿಲು ತೆಗೆದರಾ ಟೀಚರ್?" ಎಂದ.

ಕಥೆಯಲ್ಲಿ ಅದಿಲ್ಲ. ಅಷ್ಟು ವರ್ಷ ಹೇಳಿದ ಕಥೆಯನ್ನು ನಾನು ಮನಸ್ಸಿನಲ್ಲೇ ಒಮ್ಮೆ ತಿರುವಿ ನೋಡಿದೆ. ದೇವರು ತಿರುಗಿದ, ಆದುದರಿಂದ ಒಳಗಿದ್ದವರು ಯಾರೂ ತಿರುಗಬೇಕಾಗಿ ಬರಲಿಲ್ಲ. "ಕಥೆ ಅಲ್ಲಿಗೇ ನಿಲ್ಲುತ್ತದೆ ಮಗಾ, ನಿನ್ನ ಪ್ರಶ್ನೆ ಮಾತ್ರ ಸರಿಯಾಗಿಯೇ ಇದೆ" ಎಂದೆ. ಹೆಡ್‌ಮಾಸ್ತರರ ಲೆಕ್ಕದಲ್ಲಿ ಆ ದಿನ ನಾನು ಮಕ್ಕಳನ್ನು ಹಿತ್ತಿಲಿಗೆ ಕರೆದುಕೊಂಡು ಹೋದಂತಾಯಿತು. ಆದರೆ ನೋಡಿ, ಕಿಂಡಿ ಇರುವುದು ಅಂಗಳದಲ್ಲಿಯೇ! ಒಬ್ಬ ದೊಡ್ಡ ಮನುಷ್ಯನನ್ನು ಹೊರಗೆ ನಿಲ್ಲಿಸಿದ್ದೆವು ಎಂಬುದನ್ನು ಮುಚ್ಚಿಡದೆ, ಅದಕ್ಕೊಂದು ಹೆಸರಿಟ್ಟು, ರಥಬೀದಿಗೇ ಕಾಣುವಂತೆ ಇಟ್ಟುಕೊಂಡವರು ನಮ್ಮ ಹಿಂದಿನವರೇ. ಇಂದು ಬರುವವರು, ಯಾವ ಜಾತಿಯವರೇ ಆಗಲಿ, ಮೊದಲು ಅಲ್ಲಿ ಬಗ್ಗಿ ನೋಡುತ್ತಾರೆ.

ಕಾರ್ಕಳದಲ್ಲೂ ಹೀಗೆಯೇ. ಬೆಟ್ಟದ ಮೇಲೆ ಗೊಮ್ಮಟ. ಗುರು ಲಲಿತಕೀರ್ತಿಯ ಪ್ರೇರಣೆಯಿಂದ ಅರಸು ಮಾಡಿಸಿದನೆಂದು ಶಾಸನ ಹೇಳುತ್ತದೆ. ಕೆತ್ತಿದವನ ಮಾತು ಬರುವುದು ತುಳುವಿನ ಪಾಡ್ದನದಲ್ಲಿ. ಬೀರ ಕಲ್ಕುಡ ಎಂಬ ಶಿಲ್ಪಿ ಗೊಮ್ಮಟನನ್ನು ಕಡೆದು ಮುಗಿಸಿದಾಗ, ಇಂಥದ್ದನ್ನು ಇನ್ನೆಲ್ಲಿಯೂ ಮಾಡಬಾರದೆಂದು ಅರಸು ಅವನ ಎಡಗೈ ಬಲಗಾಲು ಕಡಿಸಿದ. ಕಲ್ಕುಡ ಒಂದೇ ಕೈಯಲ್ಲಿ ವೇಣೂರಿಗೆ ಹೋಗಿ ಮತ್ತೊಂದು ಗೊಮ್ಮಟನನ್ನು ಮಾಡಿದ. ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿ ಕಂಡು ಸೇಡಿಗೆ ನಿಂತಳು. ಅಣ್ಣತಂಗಿ ಇಬ್ಬರೂ ದೈವಗಳಾದರು. ಇತಿಹಾಸದ ಲೆಕ್ಕಕ್ಕೆ ಇದು ಕೂಡಿಬರುವುದಿಲ್ಲ. ವೇಣೂರಿನದ್ದು 1604ರದ್ದು, ನಡುವೆ 172 ವರ್ಷ. ಆದರೆ ಪಾಡ್ದನ ಕಟ್ಟಿದವರಿಗೆ ಇಸವಿಯ ಲೆಕ್ಕ ಬೇಕಿರಲಿಲ್ಲ. ದೊಡ್ಡ ಕೆಲಸವನ್ನು ಮಾಡಿದವನೊಬ್ಬ, ಮಾಡಿಸಿದವನೊಬ್ಬ, ಹೆಸರು ಯಾರಿಗೆ ಹೋಯಿತು ಎಂಬ ಲೆಕ್ಕ ಅವರಿಗೆ ಬೇಕಿತ್ತು. ತುಳುನಾಡಿನ ಹಳ್ಳಿಗಳಲ್ಲಿ ಇಂದಿಗೂ ಕಲ್ಕುಡ ಕಲ್ಲುರ್ಟಿಗೆ ಕೋಲ ನಡೆಯುತ್ತದೆ. ಅರಸು ದೈವವಾಗಲಿಲ್ಲ, ಕೈ ಕಳೆದುಕೊಂಡವನು ಆದ.

ಅದೇ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಈಗ ನೆಂಟರು ತಪ್ಪದೆ ಕೇಳುವುದು ಬೈಲೂರಿನ ಉಮಿಕಲ್ಲು ಬೆಟ್ಟದ ಪರಶುರಾಮನನ್ನು. 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಮೂರ್ತಿ ಕಂಚಿನದ್ದು ಹೌದೋ ಅಲ್ಲವೋ ಎಂದು ಗದ್ದಲವಾಯಿತು, ಅದೇ ವರ್ಷ ಮೇಲಿನ ಅರ್ಧವನ್ನು ಇಳಿಸಿದರು. ಮೂರ್ತಿಯ ಲೋಹದ ಬಗ್ಗೆ ಇಷ್ಟು ಚರ್ಚೆ ಮಾಡುವ ನಾವು ಮೂರ್ತಿ ಮಾಡಿದವನ ಕೈಯ ಬಗ್ಗೆ ಮಾತನಾಡುವುದಕ್ಕೆ ಪಾಡ್ದನದ ಕಾಲಕ್ಕೇ ಹೋಗಬೇಕು. ಇರಲಿ.

ಹಿಂದಿನವರು ಹೀಗೆ ಹೆಮ್ಮೆಯ ಪಕ್ಕದಲ್ಲೇ ನಾಚಿಕೆಯನ್ನೂ ನಿಲ್ಲಿಸಿಟ್ಟರು ಎಂದು ನಾನು ಬಹಳ ದಿನ ಸಮಾಧಾನಪಟ್ಟುಕೊಂಡಿದ್ದೆ. ಈಗ ಆ ಸಮಾಧಾನ ಅಷ್ಟು ಗಟ್ಟಿಯಾಗಿಲ್ಲ. ಅನ್ಯಾಯಕ್ಕೆ ಹೂವಿಟ್ಟು ಕೈಮುಗಿದರೆ, ಅದು ನೆನಪಿನಲ್ಲಿ ಉಳಿಯುತ್ತದೆ ನಿಜ, ಆದರೆ ಅದನ್ನು ಕುರಿತು ಪ್ರಶ್ನೆ ಕೇಳುವುದು ನಿಂತುಹೋಗುತ್ತದೆ. ಕಿಂಡಿಗೆ ಬಗ್ಗಿದವರು ಕೃಷ್ಣನನ್ನು ಕಂಡು ಪುನೀತರಾಗಿ ಹೋಗುತ್ತಾರೆ. ಬಾಗಿಲ ವಿಚಾರ ಹದಿಮೂರು ವರ್ಷದ ಹುಡುಗನಿಗೆ ಬಿಟ್ಟು ಬೇರೆಯವರಿಗೆ ಹೊಳೆಯುವುದಿಲ್ಲ. ಎಲ್ಲವನ್ನೂ ತೆರೆದಿಟ್ಟ ಮಾತ್ರಕ್ಕೂ ಸತ್ಯ ಹೇಳಿದಂತಾಗುವುದಿಲ್ಲ. ಮಣಿಪಾಲದ ವೈದ್ಯಕೀಯ ಕಾಲೇಜಿನ ಅಂಗರಚನಾ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದಾಗ ನನಗೆ ಹಾಗೆ ಅನ್ನಿಸಿದ್ದುಂಟು. ಅಲ್ಲಿ ಮುಚ್ಚಿಟ್ಟದ್ದೆಂಬುದೇ ಇಲ್ಲ. ಹೃದಯ, ಮೆದುಳು, ಹುಟ್ಟದೇ ಹೋದ ಕೂಸುಗಳು ಸಾಲಾಗಿ ಗಾಜಿನ ಭರಣಿಗಳಲ್ಲಿವೆ. ಭರಣಿಯ ಮೇಲೆ ರೋಗದ ಹೆಸರಿರುತ್ತದೆ, ಮನುಷ್ಯನ ಹೆಸರಿರುವುದಿಲ್ಲ. ಇರಲೂಬಾರದು. ಆದರೆ ಹೊರಗೆ ಕಚಪಚ ಎನ್ನುತ್ತಿದ್ದ ಮಕ್ಕಳು ಒಳಗೆ ಹೋದೊಡನೆ ಯಾರೂ ಹೇಳದೆ ಸುಮ್ಮನಾಗುತ್ತಾರೆ. ಬೇರೆ ಯಾವ ಪ್ರೇಕ್ಷಣೀಯ ಸ್ಥಳದಲ್ಲೂ ನಾನು ಆ ಮೌನ ಕಂಡಿಲ್ಲ.

ನನ್ನ ಅಮ್ಮನನ್ನು ಮಣಿಪಾಲದ ಪಾರಂಪರಿಕ ಗ್ರಾಮಕ್ಕೆ ಕರೆದೊಯ್ದದ್ದನ್ನು ಇಲ್ಲಿ ಹೇಳಬೇಕು. ವಿಜಯನಾಥ ಶೆಣೈಯವರು (2017ರಲ್ಲಿ ತೀರಿಕೊಂಡರು) ಬ್ಯಾಂಕಿನ ನೌಕರಿಯಲ್ಲಿದ್ದವರು. ಬಿದ್ದುಹೋಗಲಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲು ಎಂದು ಬಿಡಿಬಿಡಿಯಾಗಿ ಕಳಚಿ ತಂದು ಮಣಿಪಾಲದಲ್ಲಿ ಮತ್ತೆ ಕೂರಿಸಿದರು. ಮಿಯಾರಿನ ಮನೆಯೂ ಇದೆ, ದೂರದ ಕುಕನೂರಿನ ಕಮಲ ಮಹಲೂ ಇದೆ. ಅವರಿಲ್ಲದಿದ್ದರೆ ಆ ಮರಗೆಲಸವೆಲ್ಲ ಸೌದೆಯಾಗುತ್ತಿತ್ತು. ಆ ಉಪಕಾರವನ್ನು ಮರೆಯಲಾಗದು. ನಮ್ಮ ಕಡೆಯ ದೊಡ್ಡ ಮನೆಗಳು ಬೀಳಲು ಕಾರಣಗಳಲ್ಲಿ ಒಂದು 1974ರ ಭೂಸುಧಾರಣೆ. ಗೇಣಿ ಅಕ್ಕಿ ಬರುವುದು ನಿಂತ ಮೇಲೆ ಅಷ್ಟು ದೊಡ್ಡ ಮಾಡಿಗೆ ಹಂಚು ಹೊದಿಸುವವರು ಯಾರು? ನಮ್ಮ ಅಪ್ಪ ಒಕ್ಕಲು. ಡಿಕ್ಲರೇಶನ್ ಹಾಕಿ ಒಂದೂವರೆ ಎಕರೆ ನಮ್ಮದಾಯಿತು, ಆ ಗದ್ದೆಯ ಬಲದಿಂದ ನಾನು ಬಿ.ಎಡ್. ಓದಿದೆ. ಎಂದರೆ, ಆ ಮನೆಗಳು ಬಿದ್ದದ್ದರಿಂದ ನಾನು ಎದ್ದೆ ಎಂದರೂ ತಪ್ಪಿಲ್ಲ.

ಅಮ್ಮನಿಗೆ ಆಗಲೇ ಎಪ್ಪತ್ತೈದು ದಾಟಿತ್ತು. ಅಂಥದೊಂದು ಮನೆಯ ಎದುರು ನಿಂತವಳು ಮೆಟ್ಟಿಲು ಹತ್ತಲಿಲ್ಲ. ಕಾಲುನೋವೇನೋ ಎಂದು ಕೈ ಹಿಡಿಯಲು ಹೋದೆ. ಅವಳು ತುಳುವಿನಲ್ಲಿ ಮೆಲ್ಲಗೆ, "ಧನಿಗಳ ಮನೆಯೂ ಹೀಗೆಯೇ ಇತ್ತು. ಕಂಬ ಇಷ್ಟೇ ದಪ್ಪ. ನಾನು ನೋಡಿದ್ದು ಅಂಗಳದಿಂದ" ಎಂದಳು. ಗೇಣಿ ಕೊಡಲು ಅಪ್ಪನ ಹಿಂದೆ ಬಾಳೆಗೊನೆ, ಸೌತೆಕಾಯಿ ಹೊತ್ತು ಹೋಗುತ್ತಿದ್ದ ದಿನಗಳ ಮಾತು. "ಟಿಕೇಟು ತೆಗೆದಿದ್ದೇನೆ, ಹತ್ತಮ್ಮ" ಎಂದೆ. ಅವಳಿಗೆ ನಗು ಬಂತು. ಹತ್ತಿದಳು, ಕಂಬವನ್ನೊಮ್ಮೆ ಅಂಗೈಯಿಂದ ಮುಟ್ಟಿದಳು, "ನುಣ್ಣಗಿದೆ" ಎಂದಳು. ನಮ್ಮ ಜೊತೆಗಿದ್ದ ತರುಣ ಮನೆಯ ವಾಸ್ತು, ಮರದ ಜಾತಿ, ಕುಸುರಿ ಕೆಲಸ ಎಲ್ಲವನ್ನೂ ಶ್ರದ್ಧೆಯಿಂದ ವಿವರಿಸಿದ. ಅಂಗಳದ ಮಾತು ಬರಲಿಲ್ಲ. ಅವನ ತಪ್ಪಲ್ಲ. ಕಳಚಿ ತರಬಹುದಾದದ್ದು ಮರ ಮತ್ತು ಕಲ್ಲು. ಅಂಗಳದಲ್ಲಿ ಎಲ್ಲಿಯವರೆಗೆ ಬಂದು ಯಾರು ನಿಲ್ಲಬೇಕು ಎಂಬ ಗೆರೆಗೆ ನಂಬರು ಹಾಕಿ ಲಾರಿಯಲ್ಲಿ ತರಲಾಗುವುದಿಲ್ಲ.

ಆ ದಿನದಿಂದ ಹೆಡ್‌ಮಾಸ್ತರರ ಸಿದ್ಧಾಂತಕ್ಕೆ ನಾನೊಂದು ತಿದ್ದುಪಡಿ ಮಾಡಿಕೊಂಡಿದ್ದೇನೆ. ಅವರು ಹೇಳುವುದು ನೆಂಟರ ಮಟ್ಟಿಗೆ ಸರಿ, ಮಕ್ಕಳ ಮಟ್ಟಿಗೆ ಅಲ್ಲ. ನೆಂಟರು ಬಂದು ಹೋಗುವವರು, ಮಕ್ಕಳು ಮನೆಯ ಹಕ್ಕುದಾರರು. ಹಕ್ಕುದಾರನಿಗೆ ಚಾವಡಿಯ ಚಿತ್ತಾರ ಮಾತ್ರ ತೋರಿಸಿ ಬೆಳೆಸಿದರೆ, ಸಾಲ ಎಷ್ಟಿದೆ, ಯಾರಿಗೆ ಕೊಡುವುದಿದೆ ಎಂಬುದು ಅವನಿಗೆ ಗೊತ್ತಾಗುವುದು ಸಾಲಗಾರ ಬಾಗಿಲಿಗೆ ಬಂದಾಗ. ಮಕ್ಕಳ ಮನಸ್ಸು ಕೆಡುತ್ತದೆ ಎನ್ನುವವರಿದ್ದಾರೆ. ನನ್ನ ಅನುಭವದಲ್ಲಿ ಕೆಡುವುದು ಬೇರೆ ರೀತಿ: ಒಬ್ಬ ಮಗುವಿಗೆ ಗೊತ್ತಿದ್ದು ಪಕ್ಕದ ಮಗುವಿಗೆ ಗೊತ್ತಿಲ್ಲದೆ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರಲ್ಲ, ಅದರಿಂದ.

2022ರ ಮಾರ್ಚಿನಲ್ಲಿ ಕಾಪುವಿನ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿಯ ಜಾಗ ಸಿಗಲಿಲ್ಲ. ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ. ಅದೇ ಕಾಪುವಿನಲ್ಲಿ ಮಾರಿಯಮ್ಮನ ಸನ್ನಿಧಿಯಲ್ಲಿ ತಲೆಮಾರುಗಳಿಂದ ನಾಗಸ್ವರ ನುಡಿಸುತ್ತ ಬಂದದ್ದು ಒಂದು ಮುಸ್ಲಿಂ ಮನೆತನ ಎಂಬುದೂ ಆಗ ಪತ್ರಿಕೆಯಲ್ಲಿ ಬಂತು. ಆ ವರ್ಷ ಅಕ್ಕಪಕ್ಕದ ಬೇರೆ ಜಾತ್ರೆಗಳಲ್ಲೂ ಹೀಗಾಯಿತು. ನೆಂಟರಿಗೆ ಜಾತ್ರೆ ಎಂದರೆ ತೇರು, ಚುರುಮುರಿ, ತೊಟ್ಟಿಲು. ಊರಿನ ಹತ್ತಾರು ಮನೆಗಳಿಗೆ ಜಾತ್ರೆ ಎಂದರೆ ವರ್ಷದ ಅಕ್ಕಿ. ನಮ್ಮ ತರಗತಿಯಲ್ಲೇ ಅಂಥ ಒಂದು ಮನೆಯ ಹುಡುಗಿ ಇದ್ದಳು. ತಂದೆ ಜಾತ್ರೆಯಿಂದ ಜಾತ್ರೆಗೆ ಬಳೆಯ ಅಂಗಡಿ ಹಾಕುವವರು.

ಮರುವರ್ಷದ ಪ್ರವಾಸದಲ್ಲಿ ಕಾರ್ಕಳ ಮುಗಿಸಿ ಕಾಪುವಿಗೆ ಹೊರಟಿದ್ದೆವು. ದಾರಿಯಲ್ಲಿ ಒಂದು ದೇವಸ್ಥಾನದ ಗದ್ದೆ ಕಂಡಾಗ ಆ ಹುಡುಗಿ ಕಿಟಕಿಯಿಂದ ಕೈ ತೋರಿಸಿ ಗೆಳತಿಯರಿಗೆ, "ಅಗೋ ಅಲ್ಲಿ, ಆ ಹುಣಸೆಮರದ ಹತ್ತಿರ ನಮ್ಮ ಅಂಗಡಿ ಇರ್ತಿತ್ತು" ಎಂದಳು. ಊರು ತೋರಿಸುವವರ ಧ್ವನಿಯಲ್ಲಿಯೇ ಹೇಳಿದಳು. "ಈಗ ಯಾಕೆ ಇಲ್ಲ?" ಎಂದಳು ಪಕ್ಕದವಳು. ಹುಡುಗಿ ಉತ್ತರಿಸಲಿಲ್ಲ. ಇಡೀ ಬಸ್ಸು ನನ್ನ ಕಡೆ ನೋಡಿತು.

ಮಗುವಿನ ಎದುರಲ್ಲೇ ಅವಳ ಮನೆಯ ಕಷ್ಟ ಹೇಳಬಹುದೇ ಎಂದು ಒಂದು ಕ್ಷಣ ಅಳುಕಿದೆ. ಭರಣಿಯೊಳಗಿನ ವಸ್ತುವಿನಂತೆ ಅವಳನ್ನು ಎತ್ತಿ ತೋರಿಸುವುದು ನನಗೆ ಬೇಕಿರಲಿಲ್ಲ. ಅವಳ ಕಡೆ ನೋಡಿದೆ. ಅವಳು ಸಣ್ಣಗೆ ತಲೆಯಾಡಿಸಿದಳು. ಆಮೇಲೆ ಪಾಠದಲ್ಲಿ ಇಸವಿ ಹೇಳುವ ಹಾಗೆಯೇ ಹೇಳಿದೆ: ಯಾವ ವರ್ಷ ಏನಾಯಿತು, ಯಾರಿಗೆ ಜಾಗ ಕೊಡಲಿಲ್ಲ, ಆ ಬಗ್ಗೆ ಊರಿನವರು ಏನೇನು ಹೇಳಿದರು, ಯಾರು ಸುಮ್ಮನಿದ್ದರು. ನಾನೂ ಸುಮ್ಮನಿದ್ದವರಲ್ಲಿ ಇದ್ದೆನೋ ಎಂದು ಹಿಂದಿನ ಸೀಟಿನ ಹುಡುಗನೊಬ್ಬ ಕೇಳಿದ. ಅದೇ ವಾರ ಸ್ಟಾಫ್ ರೂಮಿನಲ್ಲಿ ಈ ವಿಷಯಕ್ಕೆ ಇಬ್ಬರೊಡನೆ ಜಗಳವಾಡಿದ್ದೆ, ಊರ ಸಭೆಯಲ್ಲಿ ಮಾತನಾಡುವ ಅವಕಾಶ ನನಗಿರಲಿಲ್ಲ. ಎರಡನ್ನೂ ಹೇಳಿದೆ.

ಬಳೆಯ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ, "ನಮ್ಮದು ಗಾಜಿನ ಬಳೆ ಟೀಚರ್, ಪ್ಲಾಸ್ಟಿಕ್ಕಿನದ್ದಲ್ಲ" ಎಂದು ಸೇರಿಸಿದಳು. ಗೆಳತಿಯರು ಬಣ್ಣಗಳನ್ನು ವಿಚಾರಿಸತೊಡಗಿದರು. ಕಾಪುವಿನ ದೀಪಸ್ತಂಭಕ್ಕೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಹೊತ್ತು ಮೀರುತ್ತಿದೆ, ಬೇಗ ಬಿಡು ಮಾರಾಯ ಎಂದು ನಾನು ಡ್ರೈವರಿಗೆ ಹೇಳಿದೆ.