ಕಾಲಿಗೆ ನೀರು ಕೊಡದ ಮನೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಹಳ್ಳಿಯ ಮನೆಗೆ ಬೀಗರು ಬಂದರೆ ಮೊದಲು ಹೊರಗೆ ಬರುವುದು ತಂಬಿಗೆ ತುಂಬ ನೀರು. ಎರೆಹೊಲದ ಹಾದಿ ತುಳಿದು ಬಂದವರ ಕಾಲಿನ ಕರಿಮಣ್ಣು ತೊಳೆದುಹೋಗುತ್ತದೆ, ಜೊತೆಗೆ ನೀವು ಈ ಮನೆಗೆ ಬೇಕಾದವರು ಎಂಬ ಮಾತು ಬಾಯಿ ಬಿಡದೆಯೇ ತಲುಪುತ್ತದೆ. ನೀರು ಕೊಡದೆ ಒಳಗೆ ಕರೆದ ಮನೆಯಲ್ಲಿ ಹೋಳಿಗೆ ಊಟ ಹಾಕಿದರೂ ಬಂದವರು ಅದನ್ನು ಮರೆಯುವುದಿಲ್ಲ. ಆದ್ದರಿಂದ ಲೂಕನ ಸುವಾರ್ತೆಯ ಏಳನೆಯ ಅಧ್ಯಾಯದ ಊಟದ ಪ್ರಸಂಗ ಈ ಸೀಮೆಯ ಓದುಗರಿಗೆ ವ್ಯಾಖ್ಯಾನವಿಲ್ಲದೆ ಅರ್ಥವಾಗಬೇಕು. ಸೀಮೋನನೆಂಬ ಫರಿಸಾಯ ಯೇಸುವನ್ನು ಊಟಕ್ಕೆ ಕರೆದಿದ್ದಾನೆ, ಕಾಲಿಗೆ ನೀರು ಕೊಟ್ಟಿಲ್ಲ. ಊರೆಲ್ಲ ಪಾಪಿ ಎಂದು ಬೆರಳು ತೋರಿಸುವ ಹೆಂಗಸೊಬ್ಬಳು ಒಳಗೆ ಬಂದು, ಅತಿಥಿಯ ಕಾಲನ್ನು ಕಣ್ಣೀರಿನಿಂದ ನೆನೆಸಿ, ತಲೆಗೂದಲಿನಿಂದ ಒರೆಸಿ, ಸುಗಂಧತೈಲ ಹಚ್ಚುತ್ತಾಳೆ. ಸೀಮೋನ ಬಾಯಿ ತೆರೆದು ಏನೂ ಅನ್ನುವುದಿಲ್ಲ. ಮನಸ್ಸಿನಲ್ಲೇ ಎರಡು ತೀರ್ಪು ಬರೆದು ಮುಗಿಸುತ್ತಾನೆ: ಇವಳು ಇಂಥವಳು, ಇವಳನ್ನು ಮುಟ್ಟಗೊಟ್ಟ ಇವನು ಪ್ರವಾದಿಯಲ್ಲ. ಆಗ ಯೇಸು ಆ ಹೆಂಗಸಿನ ಕಡೆಗೆ ತಿರುಗಿಕೊಂಡು, ಇವಳನ್ನು ಸರಿಯಾಗಿ ನೋಡಿದ್ದೀಯೇನು ಎಂಬರ್ಥದ ಪ್ರಶ್ನೆಯನ್ನು ಸೀಮೋನನಿಗೆ ಕೇಳುತ್ತಾನೆ. ಕೊಡದೆ ಹೋದ ನೀರು, ಕೊಡದೆ ಹೋದ ಮುದ್ದು, ಹಚ್ಚದೆ ಹೋದ ಎಣ್ಣೆ ಎಲ್ಲವನ್ನೂ ಒಂದೊಂದಾಗಿ ಎಣಿಸಿ ಹೇಳುತ್ತಾನೆ.

ಆ ಹೆಂಗಸಿನ ಹಿಂದಿನ ಬದುಕಿನ ಬಗ್ಗೆ ಸೀಮೋನನಿಗೆ ತಿಳಿದಿದ್ದ ಸಂಗತಿ ಸುಳ್ಳಾಗಿರಲಿಲ್ಲ. ಅವಳ ಪಾಪಗಳು ಬಹಳ ಎಂದು ಯೇಸುವೂ ಒಪ್ಪುತ್ತಾನೆ. ಆದರೂ ಆ ಮನೆಯಲ್ಲಿ ನಡೆಯುತ್ತಿದ್ದುದು ಸೀಮೋನನಿಗೆ ಒಂದಿಷ್ಟೂ ಕಾಣಲಿಲ್ಲ. ಒಬ್ಬಳ ಬದುಕು ಅವನ ಕಣ್ಣೆದುರಿಗೇ ತಿರುವು ಪಡೆಯುತ್ತಿದೆ, ಅವನು ಹಳೆಯ ಚೀಟಿಯನ್ನೇ ಓದುತ್ತಿದ್ದಾನೆ. ನಮ್ಮ ಸಭೆಗಳಲ್ಲಿ ಕರುಣೆಯನ್ನು ಸತ್ಯದಲ್ಲಿ ಮಾಡಿಕೊಂಡ ರಿಯಾಯಿತಿ ಎಂದು ತಿಳಿಯುವವರು ಬಹಳ. ಮೊದಲು ನಿಯಮ, ಅದು ಸರಿಯಾಗಿ ನಡೆದ ಮೇಲೆ ಉಳಿದದ್ದರಲ್ಲಿ ಸ್ವಲ್ಪ ದಯೆ ಎಂಬುದು ಅವರ ಲೆಕ್ಕ. ಈ ಲೆಕ್ಕವೇ ತಪ್ಪು ಎಂಬುದು ನನ್ನ ವಾದ. ಕರುಣೆಯಿಲ್ಲದವನಿಗೆ ಎದುರಿಗಿದ್ದ ಮನುಷ್ಯನ ಪೂರ್ತಿ ಸತ್ಯ ಸಿಗುವುದಿಲ್ಲ, ಪೂರ್ತಿ ಸತ್ಯ ಸಿಗದೆ ಕೊಟ್ಟ ತೀರ್ಪು ಎಷ್ಟೇ ಶಾಸ್ತ್ರೋಕ್ತವಾಗಿದ್ದರೂ ಅಂತಿಮವಾಗಲು ಯೋಗ್ಯವಲ್ಲ.

ನರಗುಂದಕ್ಕೆ ಎಲ್ಲಮ್ಮನ ಗುಡ್ಡ ದೂರವೇನಲ್ಲ. ಹುಡುಗಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಮುತ್ತು ಕಟ್ಟಿಸಿಕೊಂಡವರ ಪುನರ್ವಸತಿ ಯೋಜನೆ ನಡೆಯುವ ಜಿಲ್ಲೆಗಳಲ್ಲಿ ಗದಗವೂ ಒಂದು. ಆ ಬದುಕಿನಿಂದ ಬಂದ ತಾಯಿಯೊಬ್ಬಳು ಮಕ್ಕಳನ್ನು ಕರೆದುಕೊಂಡು ಪ್ರಾರ್ಥನೆಗೆ ಬಂದು ಕೂತಾಗ ಹಿರಿಯರ ಮುಂದೆ ಸಾಲುಸಾಲು ಪ್ರಶ್ನೆಗಳು ಏಳುತ್ತವೆ. ಇವಳ ಗಂಡ ಯಾರು, ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ತಂದೆಯ ಹೆಸರಿನ ಕಡೆ ಏನು ಬರೆಯುವುದು, ಇವಳ ಮಗಳನ್ನು ನಮ್ಮ ಹುಡುಗರಿಗೆ ತಂದುಕೊಳ್ಳುವವರು ಯಾರು. ಹತ್ತು ಹನ್ನೆರಡು ವಯಸ್ಸಿನಲ್ಲಿ ಕೊರಳಿಗೆ ಮುತ್ತು ಬಿದ್ದವಳಿಗೆ ಅದರಲ್ಲಿ ಆಯ್ಕೆ ಎಷ್ಟಿತ್ತು, ಮನೆಯಲ್ಲಿ ಗಂಡುಮಕ್ಕಳಿಲ್ಲದ ಬಡ ತಂದೆತಾಯಿ ಅವಳ ದುಡಿಮೆಯನ್ನೇ ನಂಬಿದ್ದರೋ, ಆ ಮಕ್ಕಳ ತಂದೆ ಊರಿನಲ್ಲಿ ಮರ್ಯಾದಸ್ಥನಾಗಿ ಓಡಾಡಿಕೊಂಡಿದ್ದಾನೋ ಎಂಬುದನ್ನು ಈ ಪ್ರಶ್ನೆಗಳು ಕೇಳುವುದಿಲ್ಲ. ಕೇಳಿದರೆ ಅಪರಾಧಿಯ ಜಾಗದಲ್ಲಿ ಬೇರೆಯವರೇ ಬಂದು ನಿಲ್ಲಬೇಕಾಗುತ್ತದೆ. ಮತ್ತಾಯನು ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಯೇಸುವಿನ ವಂಶಾವಳಿ ಬರೆಯುತ್ತ ಸಾರಾ, ರೆಬೆಕ್ಕರನ್ನು ಬಿಟ್ಟು ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿಯನ್ನು ಸೇರಿಸಿದ್ದಾನೆ. ಒಬ್ಬಳು ಮಾವನಿಂದ ಮಕ್ಕಳನ್ನು ಪಡೆದವಳು, ಒಬ್ಬಳು ಸೂಳೆಗಾರಿಕೆ ಮಾಡುತ್ತಿದ್ದವಳು, ಒಬ್ಬಳು ಪರದೇಶದ ವಿಧವೆ, ಇನ್ನೊಬ್ಬಳನ್ನು ಅರಸ ಅರಮನೆಗೆ ತರಿಸಿಕೊಂಡಿದ್ದ. ರಿಜಿಸ್ಟರಿನ ಚಿಂತೆ ಮಾಡುವ ಹಿರಿಯರು ಈ ರಿಜಿಸ್ಟರನ್ನು ಒಮ್ಮೆ ನಿಧಾನವಾಗಿ ಓದಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಕಲ್ಲೇಟಿನಿಂದ ಉಳಿಸಿದ ಯೇಸು ಅವಳಿಗೆ ಇನ್ನು ಮೇಲೆ ಪಾಪ ಮಾಡಬೇಡವೆಂದೂ ಹೇಳಿ ಕಳಿಸಿದನಲ್ಲ, ನೀವು ಅರ್ಧ ಮಾತ್ರ ಹೇಳುತ್ತೀರಿ ಎನ್ನುತ್ತಾರೆ. ಪೂರ್ತಿಯಾಗಿಯೇ ಓದೋಣ. ಶಿಕ್ಷೆ ಇಲ್ಲವೆಂಬ ಮಾತು ಮೊದಲು ಬರುತ್ತದೆ, ಬದಲಾಗು ಎಂಬ ಮಾತು ಅದರ ಹಿಂದೆ. ಬದಲಾದರೆ ಶಿಕ್ಷಿಸುವುದಿಲ್ಲ ಎಂಬ ಕರಾರು ಅಲ್ಲಿಲ್ಲ. ಈ ಕ್ರಮವನ್ನು ತಿರುಗಿಸಿದವರು ನಾವು. ಇದೇ ಪ್ರಸಂಗಕ್ಕೆ ಇನ್ನೊಂದು ಇತಿಹಾಸವೂ ಇದೆ. ಯೋಹಾನನ ಸುವಾರ್ತೆಯ ಅತ್ಯಂತ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ, ನಾಲ್ಕನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಕೂಡ, ಈ ಹನ್ನೆರಡು ವಚನಗಳು ಇಲ್ಲ. ವಿದ್ವಾಂಸರಲ್ಲಿ ಹೆಚ್ಚಿನವರು ಇದು ಆಮೇಲೆ ಸೇರಿದ ಭಾಗವೆಂದೇ ಒಪ್ಪುತ್ತಾರೆ. ಆದರೆ ಐದನೆಯ ಶತಮಾನದ ಆರಂಭದಲ್ಲಿ ಅಗಸ್ಟೀನ ಕೊಟ್ಟ ಕಾರಣ ಬೇರೆ: ಇದನ್ನು ಓದಿದ ಹೆಂಡತಿಯರಿಗೆ ಸಲಿಗೆ ಸಿಕ್ಕೀತೆಂದು ಹೆದರಿ ನಂಬಿಕೆ ಕಡಿಮೆಯಿದ್ದ ಕೆಲವರು ಪ್ರತಿಗಳಿಂದ ಇದನ್ನು ತೆಗೆದುಹಾಕಿದರು ಎಂದು ಅವನು ಬರೆದ. ಹಸ್ತಪ್ರತಿಗಳ ವಿಷಯದಲ್ಲಿ ಅವನ ಊಹೆ ತಪ್ಪೇ ಇರಬಹುದು. ಮನುಷ್ಯರ ವಿಷಯದಲ್ಲಿ ಅವನು ಕಂಡದ್ದು ಸರಿ. ಯೇಸುವಿನ ಕರುಣೆ ಸಭೆಗೆ ಅಪಾಯ ತರುತ್ತದೆಂದು ಹೆದರುವವರು ಸಭೆಯ ಒಳಗೇ ಯಾವಾಗಲೂ ಇದ್ದಾರೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ತಪ್ಪು ಮಾಡಿದ ಸಹೋದರ ಸಭೆಯ ಮಾತನ್ನೂ ಕೇಳದಿದ್ದರೆ ಅವನನ್ನು ಅನ್ಯನಂತೆ, ಸುಂಕದವನಂತೆ ಎಣಿಸಬೇಕೆಂದು ಮತ್ತಾಯ ಹದಿನೆಂಟರಲ್ಲಿದೆ. ಕೊರಿಂಥದ ಸಭೆಯಲ್ಲಿ ತಂದೆಯ ಹೆಂಡತಿಯನ್ನು ಇಟ್ಟುಕೊಂಡವನನ್ನು ಹೊರಗೆ ಹಾಕಿರೆಂದು ಪೌಲನೇ ಬರೆದಿದ್ದಾನೆ. ಶಿಸ್ತು ಬೇಡವೆಂದು ನಾನೂ ಹೇಳುತ್ತಿಲ್ಲ. ಹೆಂಡತಿಯನ್ನು ಹೊಡೆಯುವವನನ್ನು, ಸಭೆಯ ದುಡ್ಡು ತಿಂದವನನ್ನು, ಮಕ್ಕಳ ಮೇಲೆ ಕೈ ಹಾಕಿದವನನ್ನು ಕರುಣೆಯ ಹೆಸರಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಅದು ಏಟು ತಿಂದವರಿಗೆ ಮಾಡುವ ಎರಡನೆಯ ಅನ್ಯಾಯ. ಕರುಣೆ ಮೊದಲು ಸಲ್ಲಬೇಕಾದದ್ದು ಅವರಿಗೆ. ಆದರೆ ಈ ವಚನಗಳನ್ನು ಅರ್ಧಕ್ಕೆ ನಿಲ್ಲಿಸಿ ಓದುವವರು ಯಾರು? ಸುಂಕದವನಂತೆ ಎಣಿಸಬೇಕು, ಸರಿ. ಯೇಸು ಸುಂಕದವರನ್ನು ಹೇಗೆ ಎಣಿಸಿದ? ಅವರ ಮನೆಯಲ್ಲಿ ಉಂಡ, ಅವರಲ್ಲೊಬ್ಬನನ್ನು ಶಿಷ್ಯನನ್ನಾಗಿ ಕರೆದ, ಈ ಮಾತು ಬರುವ ಸುವಾರ್ತೆಗೆ ಆ ಶಿಷ್ಯನ ಹೆಸರೇ ಇದೆ. ಅದೇ ಅಧ್ಯಾಯದಲ್ಲಿ ಇದರ ಹಿಂದೆ ತಪ್ಪಿಸಿಕೊಂಡ ಕುರಿಯ ಸಾಮ್ಯವಿದೆ, ಮುಂದೆ ಕ್ಷಮಿಸದ ಆಳಿನ ಸಾಮ್ಯವಿದೆ. ನಡುವಿನ ಮೂರು ವಚನ ಮಾತ್ರ ಕಿತ್ತು ತೆಗೆದು ಠರಾವು ಬರೆಯುವುದು ಶಾಸ್ತ್ರಕ್ಕೆ ಮಾಡುವ ಅನ್ಯಾಯ. ಪೌಲನೂ ಕೊರಿಂಥದವರಿಗೆ ಎರಡನೆಯ ಪತ್ರದಲ್ಲಿ, ಬಹುಮಂದಿಯಿಂದ ದಂಡನೆ ಪಡೆದ ಒಬ್ಬನ ಬಗ್ಗೆ, ಆದ ಶಿಕ್ಷೆ ಸಾಕು, ಅವನು ದುಃಖದಲ್ಲಿ ಮುಳುಗಿಹೋಗದಂತೆ ಕ್ಷಮಿಸಿ ಸಂತೈಸಿರಿ ಎಂಬರ್ಥದಲ್ಲಿ ಬರೆಯುತ್ತಾನೆ. ಅವನು ಮೊದಲನೆಯ ಪತ್ರದ ಅದೇ ಮನುಷ್ಯನೇ ಎಂಬ ಬಗ್ಗೆ ಚರ್ಚೆಯಿದೆ. ಯಾರೇ ಆಗಿರಲಿ, ಹೊರಗೆ ಹಾಕುವುದಕ್ಕೆ ಪೌಲನ ಕೈಯಲ್ಲಿ ಕೊನೆಯೊಂದಿತ್ತು.

ಮೂರನೆಯ ಆಕ್ಷೇಪ ಈ ಊರುಗಳಿಂದಲೇ ಏಳುತ್ತದೆ. ಇಲ್ಲಿ ಕ್ರೈಸ್ತರು ಬೆರಳೆಣಿಕೆಯ ಮನೆಗಳು. ಕಟ್ಟುನಿಟ್ಟು ಬಿಟ್ಟರೆ ಸಭೆ ಕರಗಿಹೋಗುತ್ತದೆ, ಊರವರು ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ ಸುಳ್ಳಲ್ಲ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗಿನ ಪಕ್ಕದ ಬೆಟಗೇರಿಗೆ ಬಂತು. ಅದೇ ಕಾಲದಲ್ಲಿ ಹರ್ಮನ್ ಮೋಗ್ಲಿಂಗ್ ಹತ್ತಿರದ ಮಲ್ಲಸಮುದ್ರದಲ್ಲಿ ಹೊಸ ವಿಶ್ವಾಸಿಗಳ ಒಕ್ಕಲುತನದ ವಸಾಹತು ಕಟ್ಟಲು ಹೊರಟಿದ್ದ. ಕಾಲಜ್ಞಾನದ ನುಡಿ ನಂಬಿದ ಜನ ಗುಂಪಾಗಿ ಬರುವರೆಂಬ ಅವನ ನಿರೀಕ್ಷೆ ಕೈಗೂಡಲಿಲ್ಲ. ವಸಾಹತು ಯಾಕೆ ಬೇಕಾಯಿತು ಎಂಬುದನ್ನು ಯೋಚಿಸಬೇಕು. ದೀಕ್ಷಾಸ್ನಾನ ತೆಗೆದುಕೊಂಡವನನ್ನು ಕುಲದವರು ಹೊರಗೆ ಹಾಕುತ್ತಿದ್ದರು: ಬಾವಿಯ ನೀರಿಲ್ಲ, ಒಲೆಯ ಬೆಂಕಿಯಿಲ್ಲ, ಹೆಣ್ಣು ಕೊಡುವವರಿಲ್ಲ, ಹೊಲದ ಪಾಲಿಲ್ಲ. ಧರ್ಮ ಬಿಟ್ಟವನ ಆಸ್ತಿಯ ಹಕ್ಕು ಉಳಿಯಲು 1850ರಲ್ಲಿ ಸರ್ಕಾರ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಹೀಗೆ ಹೊರಗೆ ಬಿದ್ದವರಿಂದ ಕಟ್ಟಿದ ಸಭೆಗಳು ಇವು. ಜರ್ಮನಿಯ ಭಕ್ತಿಪಂಥದಿಂದ ಬಂದ ಮಿಷನರಿಗಳು ಕುಡಿತ, ಜಾತಿ, ಜಾತ್ರೆ, ಮದುವೆಯ ವಿಷಯದಲ್ಲಿ ಬಿಗಿಯಾಗಿದ್ದರು, ಅದರಿಂದ ಎಷ್ಟೋ ಮನೆಗಳು ಉಳಿದುಕೊಂಡವು, ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಅಜ್ಜ ಕುಲದಿಂದ ಬಹಿಷ್ಕಾರ ಉಂಡದ್ದನ್ನು ಸಾಕ್ಷಿಯಾಗಿ ಹೇಳಿಕೊಳ್ಳುವ ಸಭೆ, ಜಾತ್ರೆಯ ಪ್ರಸಾದ ತಿಂದ ಮೊಮ್ಮಗನನ್ನು, ಹೊರಗಿನವರನ್ನು ಮದುವೆಯಾದ ಮೊಮ್ಮಗಳನ್ನು ಕರ್ತನ ಮೇಜಿನಿಂದ ಶಾಶ್ವತವಾಗಿ ಎಬ್ಬಿಸಿ ಕಳಿಸಿದರೆ ಅಜ್ಜನಿಗೆ ಆದದ್ದನ್ನೇ ಅವರಿಗೂ ಮಾಡಿದಂತಾಗುತ್ತದೆ.

ಸಣ್ಣ ಸಭೆ ಉಳಿಯಬೇಕಾದರೆ ಕಠಿಣವಾಗಿರಬೇಕೆಂಬ ಮಾತನ್ನು ಇತಿಹಾಸ ಒಮ್ಮೆ ಪರೀಕ್ಷಿಸಿದೆ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಬಹಳ ಕ್ರೈಸ್ತರು ಜೀವಭಯದಿಂದ ಅರ್ಪಿಸಿದರು. ಹಿಂಸೆ ನಿಂತ ಮೇಲೆ ಅವರು ಅಳುತ್ತ ತಿರುಗಿ ಬಂದರು. ರೋಮಿನ ನೊವೇಷಿಯನ್ ಅವರಿಗೆ ಸಭೆಯಲ್ಲಿ ಎಂದಿಗೂ ಜಾಗವಿಲ್ಲವೆಂದ, ಅವನ ಹಿಂದೆ ಹೋದವರು ತಮ್ಮನ್ನು ಶುದ್ಧರು ಎಂದು ಕರೆದುಕೊಂಡರು. 325ರಲ್ಲಿ ನೈಸೀಯದಲ್ಲಿ ಕೂಡಿದ ಬಿಷಪ್‌ಗಳ ಪೈಕಿ ಹಿಂಸೆಯಲ್ಲಿ ಏಟು ತಿಂದು ಬಂದವರೂ ಇದ್ದರು. ಕಟುವಾಗಿರಲು ಹಕ್ಕು ಯಾರಿಗಾದರೂ ಇದ್ದರೆ ಅವರಿಗಿತ್ತು. ಶುದ್ಧರೆಂಬುವವರು ಸಭೆಗೆ ಮರಳಬೇಕಾದರೆ ಹಿಂಸೆಯ ಕಾಲದಲ್ಲಿ ಜಾರಿದವರೊಡನೆ, ಎರಡನೆಯ ಮದುವೆಯಾದವರೊಡನೆ ಒಂದೇ ಮೇಜಿಗೆ ಕೂರುತ್ತೇವೆಂದು ಬರೆದುಕೊಡಬೇಕು ಎಂದು ಅವರು ಎಂಟನೆಯ ನಿಯಮ ಮಾಡಿದರು. ಬಲವಂತವಿಲ್ಲದೆಯೇ ಜಾರಿದವರಿಗೂ, ಅವರು ದಯೆಗೆ ಯೋಗ್ಯರಲ್ಲದಿದ್ದರೂ, ದಯೆ ತೋರಿಸಬೇಕೆಂದರು: ಮೂರು ವರ್ಷ ಕೇಳುವವರ ಸಾಲು, ಏಳು ವರ್ಷ ಅಡ್ಡಬೀಳುವವರ ಸಾಲು, ಎರಡು ವರ್ಷ ಪ್ರಾರ್ಥನೆ ಮಾತ್ರ, ಆಮೇಲೆ ಮೇಜು. ಹನ್ನೆರಡು ವರ್ಷ ಇವತ್ತಿನ ಲೆಕ್ಕದಲ್ಲಿ ಬಲು ಕಠಿಣ. ಆದರೂ ಹದಿಮೂರನೆಯ ವರ್ಷ ಎಂಬುದೊಂದಿತ್ತು. ಸಾಯುವ ಸ್ಥಿತಿಯಲ್ಲಿರುವವನು ಪ್ರಸಾದ ಕೇಳಿದರೆ ಯಾವ ಅವಧಿಯನ್ನೂ ಎಣಿಸದೆ ಕೊಡಬೇಕೆಂದು ಹದಿಮೂರನೆಯ ನಿಯಮದಲ್ಲಿ ಬರೆದರು. ಸಭೆ ಕರಗಿಹೋಗಲಿಲ್ಲ. ನೊವೇಷಿಯನ್ನನ ಶುದ್ಧರ ಪಂಥವೇ ಕೆಲವು ಶತಮಾನಗಳಲ್ಲಿ ಇಲ್ಲವಾಯಿತು.

ಎರೆಸೀಮೆಯಲ್ಲಿ ಈ ಪ್ರಶ್ನೆ ಹೆಚ್ಚು ನೋಯಿಸುವುದು ಸ್ಮಶಾನದಲ್ಲಿ. ಮಳೆ ಹೋಗಿ, ಹೆಸರು ಒಣಗಿ, ಉಳ್ಳಾಗಡ್ಡಿಗೆ ದರ ಬೀಳದೆ, ಸಾಲದ ಮೇಲೆ ಸಾಲವಾಗಿ ಜೀವ ಕಳೆದುಕೊಂಡ ರೈತರ ಮನೆಗಳು ಈ ತಾಲೂಕುಗಳಲ್ಲಿವೆ. ಹಾಗೆ ಸತ್ತವನು ಕ್ರೈಸ್ತನಾದರೆ ಪ್ರಾರ್ಥನೆ ಮಾಡಿ ಮಣ್ಣು ಕೊಡಬಹುದೇ ಎಂಬ ಪ್ರಶ್ನೆಗೆ ಹಳೆಯ ಪುಸ್ತಕಗಳು ಇಲ್ಲವೆಂದೇ ಹೇಳುತ್ತವೆ. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ತನ್ನ ಮೇಲೆ ತಾನೇ ಕೈಮಾಡಿಕೊಂಡವನಿಗೆ ಸಮಾಧಿ ಆರಾಧನೆ ಕೂಡದೆಂದಿತು, 1917ರ ಕಥೋಲಿಕ ನಿಯಮಸಂಹಿತೆಯೂ ಬುದ್ಧಿಪೂರ್ವಕವಾಗಿ ಹಾಗೆ ಸತ್ತವರಿಗೆ ನಿರಾಕರಿಸಿತು. 1983ರ ಸಂಹಿತೆ ನಿರಾಕರಿಸಬೇಕಾದವರ ಪಟ್ಟಿಯಿಂದ ಅವರನ್ನು ಬಿಟ್ಟಿತು. ದೇವರ ಪಾವಿತ್ರ್ಯ ಆ ನಡುವೆ ಕಡಿಮೆಯಾಗಲಿಲ್ಲ. ಸಂಕಟದಲ್ಲಿರುವ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದು ಸಭೆಗೆ ಹೆಚ್ಚು ತಿಳಿಯಿತು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಕಲಂ, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಮೊದಲು ಎಣಿಸಿ, ಬೇರೆಯದು ಸಾಬೀತಾಗದ ಹೊರತು ಅವನನ್ನು ಶಿಕ್ಷಿಸಬಾರದೆನ್ನುತ್ತದೆ. ಪೊಲೀಸ್ ಠಾಣೆ ಕೂಡ ಇಂದು ಹೀಗೆ ಎಣಿಸಬೇಕಾದಾಗ ಸಭೆಯ ಬಾಗಿಲು ಅದಕ್ಕಿಂತ ಕಿರಿದಾಗಿರುವುದು ಯಾವ ಶಾಸ್ತ್ರ? ಹೀಗೆ ಸಡಿಲ ಮಾಡಿದರೆ ಇನ್ನೊಬ್ಬನೂ ಅದೇ ಹಾದಿ ಹಿಡಿದಾನು ಎಂದು ಕೆಲವರು ವಾದಿಸುತ್ತಾರೆ. ಪ್ರಾರ್ಥನೆ ಸಿಗದೆಂಬ ಹೆದರಿಕೆ ಆ ಸ್ಥಿತಿಯಲ್ಲಿರುವವನನ್ನು ತಡೆಯುವುದಕ್ಕಿಂತ, ಇಂಥ ಯೋಚನೆ ಬರುತ್ತಿದೆ ಎಂದು ಪಾಸ್ಟರ ಮುಂದೆ ಬಾಯಿ ಬಿಡದಂತೆ ಮಾಡುವುದೇ ಹೆಚ್ಚು. ಶಿಕ್ಷೆ ಸತ್ತವನಿಗೆ ತಟ್ಟುವುದೂ ಇಲ್ಲ. ಮುಂದಿನ ಭಾನುವಾರ ಅದೇ ಗುಡಿಗೆ ಬರಬೇಕಾದ ಹೆಂಡತಿ ಮಕ್ಕಳಿಗೆ ತಟ್ಟುತ್ತದೆ.

ಹಾಗಾದರೆ ಸಭೆಯ ಹಿರಿಯರು ಏನು ಮಾಡಬೇಕು? ತೀರ್ಪು ಕೊಡುವ ಕೆಲಸ ಅವರಿಗೆ ಪೂರ್ತಿ ತಪ್ಪುವುದಿಲ್ಲ. ಯಾರನ್ನೋ ಕೆಲಕಾಲ ಮೇಜಿನಿಂದ ದೂರ ಇಡಬೇಕಾದೀತು, ಯಾರದೋ ಕೈಯಿಂದ ಸಭೆಯ ಲೆಕ್ಕದ ಪುಸ್ತಕ ತೆಗೆದುಕೊಳ್ಳಬೇಕಾದೀತು. ಅಂಥ ಠರಾವು ಬರೆಯುವ ಮೊದಲು ಆ ಮನುಷ್ಯನ ಮನೆಗೆ ಹೋಗಿ ಅವನ ಮಾತು ಕೇಳಿ ಬರಲಿ. ಅವನಿಂದ ನೊಂದವರ ಮನೆಗೆ ಅದಕ್ಕೂ ಮೊದಲು ಹೋಗಿ ಬರಲಿ. ಠರಾವಿನಲ್ಲಿ ತಪ್ಪಿನ ಜೊತೆಗೆ ಇನ್ನೆರಡು ಸಂಗತಿ ಸೇರಲಿ: ಈ ವಿಷಯವನ್ನು ಮತ್ತೆ ಕೈಗೆತ್ತಿಕೊಳ್ಳುವ ತಾರೀಖು, ಅಲ್ಲಿಯವರೆಗೆ ಪ್ರತಿ ವಾರ ಅವನ ಮನೆಗೆ ಹೋಗಿ ಬರುವ ಹಿರಿಯರ ಹೆಸರು. ಆ ಹೆಸರು ಕೊಡಲು ಸಮಿತಿಯಲ್ಲಿ ಒಬ್ಬರೂ ಮುಂದೆ ಬರದಿದ್ದರೆ ಆ ದಿನ ಠರಾವಿಗೆ ಸಹಿ ಬೀಳಬಾರದು.