ಕೀಲಿ ಯಾರ ಕೈಯಲ್ಲಿ?

ಸಿಂಧನೂರಿನ ನಮ್ಮ ಮನೆಯ ವೈ-ಫೈ ಪೆಟ್ಟಿಗೆ ಸಿಡಿಲಿಗೆ ಸುಟ್ಟಿತು. ಹೊಸದು ತಂದೆ. ಹಳೆಯದರ ಪಾಸ್‌ವರ್ಡ್ ಬದಲಿಸಲು ಬ್ರೌಸರ್ ತೆರೆದು 192.168.0.1 ಎಂದು ಬರೆದರೆ ಸಾಕಿತ್ತು. ಆ ಪುಟ ಪೆಟ್ಟಿಗೆಯೊಳಗೇ ಇತ್ತು. ಇಂಟರ್ನೆಟ್ ಕೂಡ ಬೇಕಿರಲಿಲ್ಲ. ಹೊಸದೋ, ಮೊದಲು ಕಂಪನಿಯ ಆ್ಯಪ್ ಹಾಕು ಎಂದಿತು. ಆ್ಯಪ್ ಖಾತೆ ತೆರೆ ಎಂದಿತು, ಇ-ಮೇಲ್ ಕೇಳಿತು, ನೀನಿರುವ ಜಾಗ ತಿಳಿಸು ಎಂದಿತು. ದುಡ್ಡು ನನ್ನದು, ಗೋಡೆ ನನ್ನದು. ಅಪ್ಪಣೆ ಮಾತ್ರ ಬೇರೆಯವರದು.

ಲಿಂಗಸುಗೂರಿನ ತಂಗಿ ನಕ್ಕಳು: "ಒಂದು ಗುಂಡಿ ಒತ್ತಿದರ ಮುಗೀತಲ್ಲಕ್ಕಾ, ಅದಕ್ಯಾಕ ಇಷ್ಟು ತಲಿ ಕೆಡಿಸ್ಕೋತಿ?" ಅವಳ ಮಾತೂ ಸುಳ್ಳಲ್ಲ. ಅಂಕಿಗಳ ಗೋಜು ಬೇಡವೆನ್ನುವವರಿಗೆ ಆ್ಯಪ್ ಸುಲಭವೇ. ಆದರೆ ಬೇಡವೆನ್ನುವವಳಿಗೆ ಬೇರೆ ದಾರಿಯನ್ನೇ ಇಡದಿರುವುದು ಸರಿಯೇ? ನಾಳೆ ಕಂಪನಿ ಆ ಆ್ಯಪನ್ನು ನಿಲ್ಲಿಸಿದರೆ, ಕೆಡದ ಪೆಟ್ಟಿಗೆಯೂ ನನ್ನ ಮಾತು ಕೇಳದು.

ತಂಗಿಯ ಊರಿನ ದಾರಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಅಲ್ಲಿ ಕಂಡ ಬಂಡೆಯ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಆ ಬ್ರಾಹ್ಮಿ ಲಿಪಿಯನ್ನು ಒಂದು ಕಾಲಕ್ಕೆ ಎಲ್ಲರೂ ಮರೆತಿದ್ದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ ಮೇಲೆ, ಕಲಿತವರು ಯಾರನ್ನೂ ಕೇಳದೆ ಓದಬಹುದು. ಕಲಿಯುವ ಕಷ್ಟ ನನಗೆ ಒಪ್ಪಿಗೆ. ನನ್ನ ವಸ್ತುವಿಗೆ ನಾನೇ ಅಂಗಲಾಚುವ ಕಷ್ಟ ಬೇರೆ.

ಮಗಳ ಆನ್‌ಲೈನ್ ಪಾಠವಿತ್ತು. ಕೊನೆಗೆ ಆ್ಯಪ್ ಹಾಕಿದೆ. ಸೋತೆನೆಂದೇ ಅನ್ನಿ. ಆದರೆ ಇನ್ನು ಅಂಗಡಿಯಲ್ಲಿ ಬೆಲೆಗಿಂತ ಮೊದಲು ಕೇಳುತ್ತೇನೆ: "ಇದರ ಕೀಲಿ ಯಾರ ಕೈಯಾಗ ಇರತದಪ್ಪಾ?"