ಸಂಪಿನ ಮುಚ್ಚಳದ ಮೇಲಿನ ಸಾಮಾನು

ಬೆಂಗಳೂರಿನ ಬಾಡಿಗೆ ಕರಾರುಪತ್ರದಲ್ಲಿ ಎಷ್ಟೊಂದು ವಿವರ! ಹನ್ನೊಂದು ತಿಂಗಳ ಅವಧಿ, ಅಡ್ವಾನ್ಸ್, ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಹಿಡಿಯುವ ಹಣ, ಫ್ಯಾನು ಗೀಸರುಗಳ ಲೆಕ್ಕ. ಗೋಡೆಗೆ ಹೊಡೆಯುವ ಮೊಳೆಗೂ ಷರತ್ತುಂಟು. ಗೇಟಿನಿಂದ ಮೆಟ್ಟಿಲವರೆಗಿನ ಜಾಗದ ಬಗ್ಗೆ ಮಾತ್ರ ಆ ಕಾಗದ ಸುಮ್ಮನಿರುತ್ತದೆ. ನಾಲ್ಕು ಮನೆಯವರು ಓಡಾಡುವ ಆ ಅಂಗಳದಲ್ಲಿ ಒಬ್ಬ ಬಾಡಿಗೆದಾರರ ಮುರಿದ ಕುರ್ಚಿ ಸಂಪಿನ ಮುಚ್ಚಳದ ಮೇಲೆ ಬಂದು ಕೂತು, ಅದರ ಹಿಂದೆ ಬಣ್ಣದ ಡಬ್ಬಿ, ಟೈರು, ಮಗು ಬೆಳೆದು ಬಿಟ್ಟ ಸೈಕಲ್ಲು ಸಾಲುಗಟ್ಟಿದರೆ ಮಾಲೀಕರಾದ ನಾವು ಯಾವ ಷರತ್ತಿನ ಮೊರೆ ಹೋಗೋಣ?

ಆ ರಾಶಿಯನ್ನು ಕೊಂಚ ಹತ್ತಿರದಿಂದ ನೋಡಿದರೆ ಪೂರ್ತಿ ಕಸವೆನ್ನುವಂಥದ್ದು ಅದರಲ್ಲಿ ಅಪರೂಪ. ಇಟ್ಟುಕೊಳ್ಳಲು ಜಾಗವಿಲ್ಲದ, ಎಸೆಯಲು ಮನಸ್ಸಾಗದ ವಸ್ತುಗಳೇ ಹೆಚ್ಚು. ಊರಿನ ಮನೆಯಲ್ಲಿ ಅವಕ್ಕೆ ಅಟ್ಟವಿತ್ತು, ಹಿತ್ತಿಲಿತ್ತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವೆಲ್ಲಿಗೆ ಹೋಗಬೇಕು? ಹಾಗೆಂದು ಕಣ್ಣು ಮುಚ್ಚಿ ಕೂರಲೂ ಆಗದು. ಟೈರಿನಲ್ಲಿ ಮಳೆನೀರು ನಿಂತರೆ ವಾರ ಹತ್ತು ದಿನದಲ್ಲಿ ಈಡಿಸ್ ಸೊಳ್ಳೆ ರೆಕ್ಕೆ ಬಿಚ್ಚುತ್ತದೆ; ಅದಕ್ಕೆ ಮಾಲೀಕರ ಮಗು, ಬಾಡಿಗೆದಾರರ ಮಗು ಎಂಬ ಭೇದವಿಲ್ಲ. 2024ರಲ್ಲಿ ಡೆಂಗಿ ಏರಿದಾಗ, ಸೊಳ್ಳೆ ಹುಟ್ಟಲು ಬಿಟ್ಟ ಮನೆಯವರಿಗೆ ದಂಡವೆಂದು ಸರ್ಕಾರವೇ ನಿಯಮ ಮಾಡಬೇಕಾಯಿತು.

ಆದರೆ ಮೊದಲ ಕುರ್ಚಿ ಬಂದ ದಿನವೇ ನಾವೇಕೆ ಮಾತಾಡುವುದಿಲ್ಲ? ದಾಕ್ಷಿಣ್ಯವೆನ್ನುತ್ತೇವೆ. ಆರು ತಿಂಗಳು ನುಂಗಿಕೊಂಡದ್ದು ಏಳನೆಯ ತಿಂಗಳು 'ಮನೆ ಖಾಲಿ ಮಾಡಿ' ಎಂದು ಹೊರಬಿದ್ದರೆ ಎದುರಿನವರಿಗೆ ಅನ್ಯಾಯವೆನಿಸದೆ ಇದ್ದೀತೇ? ವಸ್ತುವಿನ ವಿಷಯದಲ್ಲಿ ಅವರು ಮಾಡಿದ್ದನ್ನೇ ಮಾತಿನ ವಿಷಯದಲ್ಲಿ ನಾವೂ ಮಾಡಿದಂತಾಗಲಿಲ್ಲವೇ? ಅದೂ ಅಲ್ಲದೆ, ಮನೆ ಕಟ್ಟಿಸಿದಾಗ ಉಳಿದ ಗ್ರಾನೈಟ್ ಚಪ್ಪಡಿಗಳು ಅದೇ ಗೋಡೆಗೊರಗಿ ವರ್ಷಗಟ್ಟಲೆ ನಿಂತಿರುತ್ತವೆ. ಅವು ಮಾಲೀಕರವು, ಆದ್ದರಿಂದ ಯಾರ ಕಣ್ಣಿಗೂ ಕಸವಲ್ಲ. (ಮಾಲೀಕತ್ವದ ಮೇಲೆ ಧೂಳು ಕೂರುವುದಿಲ್ಲವೇನೋ!)

ಮೊದಲು ಆ ಚಪ್ಪಡಿಗಳನ್ನು ಸಾಗಿಸಿ ಆಮೇಲೆ ಬಾಗಿಲು ತಟ್ಟುವುದೇ ಮರ್ಯಾದೆ. 'ನಿಮ್ಮ ಸಾಮಾನು ತೆಗೀರಿ' ಎನ್ನುವುದಕ್ಕೂ 'ನಾಳೆ ಟ್ಯಾಂಕರ್ ಬರುತ್ತೆ, ಸಂಪಿನ ಮುಚ್ಚಳ ತೆಗೀಬೇಕು, ಈ ಕುರ್ಚಿ ಎಲ್ಲಿಡೋಣ ಹೇಳಿ' ಎನ್ನುವುದಕ್ಕೂ ಎಷ್ಟು ದೂರ! ಸೈಕಲ್ಲಿಗೆ ಮೆಟ್ಟಿಲ ಕೆಳಗೆ ಜಾಗ ಸಿಕ್ಕೀತು. ಹಳೇ ಪೇಪರಿನವರು ಬಂದಾಗ ಡಬ್ಬಿಗಳು ಹೋದಾವು. ಕೆಲವರು ಆಗಲೂ ಕೇಳರು. ಅಂಥವರಿಗೆ ಬರವಣಿಗೆಯಲ್ಲೇ ತಿಳಿಸಬೇಕು, ಅದರಲ್ಲಿ ಸಂಕೋಚ ಬೇಡ. ಉಳಿದವರೊಂದಿಗೆ ಮುಂದಿನ ಕರಾರು ಬರೆಯುವಾಗ ಅಂಗಳಕ್ಕೂ ಒಂದು ಸಾಲು ಸೇರಲಿ, ಮಾಲೀಕರ ಸಾಮಾನಿಗೂ ಅನ್ವಯಿಸುವಂತೆ.